ಏಳನೆಯ ಲೆಕ್ಕ

ಮೇಗುಂದ
೧೨-೨-೧೯೪೪

ಕೊಪ್ಪದ ಮೇಷ್ಟರಿಗೆ ಪುಟ್ಟಕ್ಕ ಮಾಡುವ ನಮಸ್ಕಾರ.

ನೀವು ತಿದ್ದಿ ಕಳಿಸಿದ ಭಿನ್ನರಾಶಿ ಲೆಕ್ಕಗಳು ತಲುಪಿದವು. ಏಳನೆಯದಕ್ಕೆ ಕೆಂಪು ಗೀಟು ಹಾಕಿದ್ದೀರಿ. ಐದು ಜನರ ಮನೆಯಲ್ಲಿ ಇಬ್ಬರು ತೀರಿಕೊಂಡರೆ, ಒಬ್ಬೊಬ್ಬರಿಗೆ ಅಕ್ಕಿಯ ಎಷ್ಟನೇ ಪಾಲು ಎಂಬ ಪ್ರಶ್ನೆ. ನಾನು ಐದನೇ ಒಂದು ಎಂದು ಬರೆದಿದ್ದೆ.

ನಮ್ಮಲ್ಲಿ ಸತ್ತವರಿಗೂ ವರ್ಷ ತುಂಬುವವರೆಗೆ ಎಲೆ ಹಾಕುತ್ತೇವೆ. ಅಪ್ಪನೂ ತಮ್ಮ ಬೂತಪ್ಪನೂ ಕಾಫಿತೋಟದ ಕೆಲಸಕ್ಕೆ ಹೋಗಿ ಚಳಿಜ್ವರದಿಂದ ತೀರಿಕೊಂಡರು. ಅವರಿಗೆ ಬಡಿಸಿದ ಮೇಲೆಯೇ ಅವ್ವ, ಅಜ್ಜಿ, ನಾನು ಉಣ್ಣುವುದು. ರೇಷನ್ ಅಕ್ಕಿ ಸಾಲದೆ ಮೊನ್ನೆ ಬೂತಪ್ಪನ ಎಲೆಯನ್ನು ಬೇಗ ಎತ್ತಲು ಹೋದೆ. "ಬಿಡೇ ಮಾರಾಯ್ತಿ, ಅಂವ ಉಣ್ಣದು ಯಾವತ್ತೂ ನಿಧಾನ" ಎಂದಳು ಅಜ್ಜಿ.

ಪರೀಕ್ಷೆ ಪಾಸಾದರೆ ಹೆರಿಗೆ ಮಾಡಿಸುವ ದಾಯಿ ತರಬೇತಿಗೆ ಸೇರಿಸುತ್ತಾರೆಂದು ನೀವೇ ಹೇಳಿದ್ದೀರಿ. ಫೇಲಾದರೆ ಯುಗಾದಿ ಕಳೆದ ಮೇಲೆ ನಾನೂ ಅದೇ ತೋಟಕ್ಕೆ ಹೋಗಬೇಕು. ಆದ್ದರಿಂದ ಇನ್ನು ಮೇಲೆ ಹಾಳೆಯಲ್ಲೂ ಪರೀಕ್ಷೆಯಲ್ಲೂ ಮೂರನೇ ಒಂದು ಎಂದೇ ಬರೆಯುತ್ತೇನೆ.

ಮುಂದಿನ ಹಾಳೆಗಳನ್ನು ದಯವಿಟ್ಟು ಮನೆಗೆ ಕಳಿಸಬೇಡಿ. ಕೊಪ್ಪದ ಸಂತೆಗೆ ಬಂದಾಗ ನಾನೇ ಇಸಿದುಕೊಳ್ಳುತ್ತೇನೆ. ಅವ್ವನಿಗೆ ಓದು ಬಾರದು. ಆದರೂ ದಿನವೂ ನನ್ನ ಉತ್ತರಗಳನ್ನು ಓದಿಸಿ ಕೇಳುತ್ತಾಳೆ.

ಇತಿ ತಮ್ಮ ವಿದ್ಯಾರ್ಥಿನಿ,
ಪುಟ್ಟಕ್ಕ