ಅಪ್ಪನ ಎಡಗಣ್ಣಿನ ಅಚ್ಚು

ಮನೆ, ಮಹಡಿಯ ಕೆಲಸದ ಕೋಣೆ
ಮಾರ್ಚ್ ೧೬, ಭಾನುವಾರ ಬೆಳಿಗ್ಗೆ

ಪ್ರೀತಿಯ ದೊರೆ,

ಸಮಸ್ತ ಕುಟುಂಬದ ಪರವಾಗಿ ಅತ್ಯಂತ ಗಾಂಭೀರ್ಯದಿಂದ ಪ್ರಕಟಿಸುವುದೇನೆಂದರೆ, ಇಂದು ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಮ್ಮ ಪೂಜ್ಯ ತಂದೆಯವರ ಎಡಗಣ್ಣು ಚಹಾದ ಲೋಟದೊಳಗೆ ಬಿದ್ದಿತು. ಪ್ರಾಣಹಾನಿಯಾಗಿಲ್ಲ. ಲೋಟಕ್ಕೂ ಪೆಟ್ಟಾಗಿಲ್ಲ. ತಂದೆಯವರು ಕಣ್ಣನ್ನು ಚಮಚದಲ್ಲಿ ಎತ್ತಿ, ನಲ್ಲಿಯಡಿ ತೊಳೆದು, “ಸಕ್ಕರೆ ಕರಗಿದೆಯಾ ಅಂತ ನೋಡೋಕೆ ಹೋಗಿತ್ತು” ಎಂದು ಹೇಳಿಕೆ ನೀಡಿ, ಉಳಿದ ಚಹಾವನ್ನು ಕುಡಿದು ಮುಗಿಸಿದರು.

ನಿನ್ನ ಆರೋಗ್ಯ ಹೇಗಿದೆ? ಆಪರೇಷನ್ ಟೇಬಲ್ಲಿಗೆ ಬಗ್ಗಿ ಬಗ್ಗಿ ಹಿಡಿದುಕೊಂಡಿದ್ದ ಬೆನ್ನು ಈಗ ನೆಟ್ಟಗಾಗಿರಬೇಕು. ಹೊಸ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಬಗ್ಗುವ ಕೆಲಸಕ್ಕೆ ಬೇರೆಯವರಿದ್ದಾರಂತಲ್ಲ. ಮೂರು ತಿಂಗಳಿಂದ ಫೋನ್ ಎತ್ತದ ಬೆರಳುಗಳಿಗೆ ವಾತವೇನಾದರೂ ಹಿಡಿಯಿತೋ ಎಂಬ ಚಿಂತೆ ನನಗಿತ್ತು. ಆದರೆ ಹೋದ ತಿಂಗಳು ನಿನ್ನ ಕಾಗದ ಬಂತು, ಆಸ್ಪತ್ರೆಯ ಲಾಂಛನವಿರುವ ದಪ್ಪ ಹಾಳೆಯಲ್ಲಿ, ಟೈಪು ಮಾಡಿದ್ದು. ಬೆರಳುಗಳು ಸುಖವಾಗಿವೆ ಎಂದು ನೆಮ್ಮದಿಯಾಯಿತು. ಒಡಹುಟ್ಟಿದ ಅಕ್ಕನಿಗೆ ಬರೆಯುವಾಗ “ಸಂಬಂಧಪಟ್ಟವರಿಗೆ” ಎಂದು ಶುರು ಮಾಡಿದ ಮೊದಲ ತಮ್ಮ ನೀನೇ ಇರಬೇಕು. ಸಂಬಂಧಪಟ್ಟವಳು ಓದಿದಳು. ನಾಲ್ಕು ಸಲ ಓದಿದಳು. ಈ ಮೇಲಿನ “ಪ್ರೀತಿಯ” ಎಂಬುದು ಕೈಗೆ ಅಂಟಿದ ಅಭ್ಯಾಸ, ಅದನ್ನು ನೋಡಿ ಉಬ್ಬಬೇಡ.

“ಕೃತಕ ಕಣ್ಣಿನ ಹಿಂಬದಿ ಉಜ್ಜಿ ಪೊರೆ ಹರಿದಿದೆ, ಇದು ತಯಾರಕರ ಲೋಪ” ಎಂದು ಬರೆದಿದ್ದೀಯ. ತಯಾರಕರು ಎಂದರೆ ನಾನು. ಇಪ್ಪತ್ತು ವರ್ಷದಿಂದ ಈ ಕೋಣೆಯಲ್ಲಿ ಕೂತು ಊರಿನವರಿಗೆಲ್ಲ ಕಣ್ಣು ಮಾಡಿಕೊಡುತ್ತಿರುವ, ಬಿಳಿಯ ಮೇಲೆ ಕೆಂಪು ರೇಷ್ಮೆ ಎಳೆ ಅಂಟಿಸಿ ರಕ್ತನಾಳ ಮೂಡಿಸುವ, ಅಪ್ಪನ ಕಂದು ಬಣ್ಣ ಹೊಂದುವವರೆಗೆ ಏಳು ಸಲ ಬಣ್ಣ ಕಲಸಿದ ನಾನು. ಆ ಕಣ್ಣು ನೋಡಿ ಪಕ್ಕದ ಮನೆಯಾಕೆ ಮೂರು ವಾರ ಅಪ್ಪನ ಬಲಗಣ್ಣಿಗೇ ಮರುಕ ತೋರಿಸುತ್ತಿದ್ದಳು. ಇದು ಹೊಗಳಿಕೆಯಲ್ಲ, ದಾಖಲೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಮರೆತವನ ಹಾಗೆ ನಟಿಸುತ್ತಿದ್ದೀಯಲ್ಲ. ಆಗಸ್ಟಿನಲ್ಲಿ ಅಪ್ಪನ ಬಡಗಿ ಅಂಗಡಿಯಲ್ಲಿ ಉಳಿಯ ತಲೆಯಿಂದ ಉಕ್ಕಿನ ಚೂರು ಸಿಡಿದು ಎಡಗಣ್ಣು ಹೋಯಿತು. ಕಣ್ಣುಗುಡ್ಡೆ ತೆಗೆಯಲೇಬೇಕು, ಆ ಜಾಗದಲ್ಲಿ ಒಳಗೊಂದು ಗೋಲಿ ಕೂರಿಸಿ, ಅದರ ಮೇಲೆ ಕಣ್ಣಿನ ಸ್ನಾಯುಗಳನ್ನೂ ಪೊರೆಯನ್ನೂ ಎಳೆದು ಹೊಲಿಯಬೇಕು ಎಂದಾಯಿತು. ನಿನ್ನ ಹಿರಿಯ ಡಾಕ್ಟರು ಎಲ್ಲರೆದುರು ಹೇಳಿದರು: “ಸ್ವಂತದವರನ್ನ ಟೇಬಲ್ ಮೇಲೆ ಮಲಗಿಸ್ಕೋಬೇಡಪ್ಪಾ, ಕೈ ನಮ್ಮ ಮಾತು ಕೇಳಲ್ಲ.” ದೊರೆಗಳು ಕೇಳುತ್ತಾರೆಯೇ? “ಅಪ್ಪನ ಮುಖಾನ ಇನ್ನೊಬ್ಬರ ಕೈಗೆ ಕೊಡಲ್ಲ” ಎಂದು ಅಪ್ಪಣೆ ಕೊಡಿಸಿದಿರಿ. ಅಷ್ಟಕ್ಕೇ ನಿಲ್ಲಲಿಲ್ಲ. ಗೋಲಿ ಚಿಕ್ಕದಾದರೆ ಕಣ್ಣು ಗುಳಿಬಿದ್ದ ಹಾಗೆ ಕಾಣುತ್ತದೆಂದು ಟ್ರೇಯಲ್ಲಿದ್ದವುಗಳಲ್ಲಿ ದೊಡ್ಡದನ್ನೇ ಆರಿಸಿದೆ. ನರ್ಸಮ್ಮ ಆಮೇಲೆ ನನ್ನ ಹತ್ತಿರ ಹೇಳಿದ್ದು: ಪೊರೆ ಸಾಲದೆ, ಬಟ್ಟೆ ತುರುಕಿದ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುವವರ ಹಾಗೆ ಎಳೆದು ಹೊಲಿದೆಯಂತೆ. ಹೊಲಿಗೆ ಬಿಗಿಯಾದರೆ ಏನಾಗುತ್ತದೆಂದು ನೀನೇ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದೆ. ಪೊರೆ ಬಿರಿಯುತ್ತದೆ, ಗೋಲಿ ಹೊರಗೆ ಇಣುಕುತ್ತದೆ, ಕೀವು ಬರುತ್ತದೆ. ಅಪ್ಪನಿಗೆ ಪಾಠದ ಪ್ರಕಾರವೇ ಎಲ್ಲ ಆಗಿದೆ. ಡಿಸೆಂಬರಿನಲ್ಲಿ ಮೊದಲ ಸಲ ಕೀವು ಕಂಡ ದಿನ ಊಟದ ಮೇಜಿನಲ್ಲಿ ನನ್ನ ಮೇಲೆ ಸಿಟ್ಟಾಗಿ ತಟ್ಟೆ ತಳ್ಳಿ ಎದ್ದವನು, ವಾರದೊಳಗೆ ಹೊಸ ಕೆಲಸ ಹಿಡಿದು ಹೋದೆ. ಕಣ್ಣಿಗೆ ಬಿದ್ದ ಧೂಳು ಕೂಡ ಅಷ್ಟು ಬೇಗ ಹೋಗುವುದಿಲ್ಲ.

ಈಗ ಲೋಪದ ವಿಚಾರಣೆಗೆ ಬರೋಣ. ನನ್ನ ಗೂಡಿನಲ್ಲಿ ಪ್ರತಿಯೊಬ್ಬರ ಅಚ್ಚೂ ಇರುತ್ತದೆ, ನಿನಗೆ ಗೊತ್ತು. ಗಾಯ ಮಾಗಿದ ಮೇಲೆ ಕಣ್ಣಿನ ಕುಳಿಯೊಳಗೆ ಮೆತ್ತನೆಯ ಮುದ್ದೆ ತುಂಬಿ, ಅದು ಗಟ್ಟಿಯಾದ ಕೂಡಲೇ ತೆಗೆದು, ಅದರ ಸುತ್ತ ಪ್ಲಾಸ್ಟರ್ ಸುರಿಯುತ್ತೇನೆ. ಒಳಗೆ ಏನಿದೆಯೋ ಅದೆಲ್ಲ ಪ್ಲಾಸ್ಟರಿನಲ್ಲಿ ಪಡಿಮೂಡುತ್ತದೆ. ಕೃತಕ ಕಣ್ಣು ಹುಟ್ಟುವುದು ಆಮೇಲೆ. ಅಪ್ಪನ ಅಚ್ಚಿನ ಮೇಲೆ ನನ್ನದೇ ಕೈಬರಹದಲ್ಲಿ ಅಕ್ಟೋಬರ್ ಒಂಬತ್ತು ಎಂದಿದೆ. ಕಣ್ಣು ಹಾಕಿದ್ದು ಇಪ್ಪತ್ತೈದಕ್ಕೆ. ಮೊನ್ನೆ ಹೊಸ ಡಾಕ್ಟರಮ್ಮ ದೀಪ ಹಿಡಿದು ನೋಡಿ, ಬಿರುಕು ಎಲ್ಲಿದೆಯೆಂದು ಚಿತ್ರ ಬರೆದುಕೊಟ್ಟರು: ಕೆಳಗೆ, ಮೂಗಿನ ಕಡೆಗೆ. ಮನೆಗೆ ಬಂದು ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದೇ ಜಾಗದಲ್ಲಿ, ಒಂದು ಕೂದಲೆಳೆಯೂ ಆಚೀಚೆ ಆಗದೆ, ಸಾಸಿವೆ ಕಾಳಿನಷ್ಟು ಗುಂಡಿ. ನನ್ನ ಕಣ್ಣು ಅಪ್ಪನ ಕಣ್ಣನ್ನು ಮುಟ್ಟುವ ಹದಿನಾರು ದಿನ ಮೊದಲೇ ನಿನ್ನ ಹೊಲಿಗೆ ಬಿಟ್ಟಿತ್ತು. ಅಚ್ಚು ತೆಗೆಯುವುದಕ್ಕೆ ಎರಡು ವಾರ ಮೊದಲು ನೀನು ಬಂದು ನೋಡಿ, “ಚೆನ್ನಾಗಿ ಮಾಗಿದೆ, ಅಕ್ಕ, ನೀನು ಶುರು ಹಚ್ಕೋ” ಅಂದಿದ್ದೆ. ನಿನ್ನ ಕಾಗದಕ್ಕೆ ನನ್ನ ಉತ್ತರ ಇಷ್ಟೇ, ಪ್ಲಾಸ್ಟರಿನಲ್ಲಿದೆ. ಬೇಕಿದ್ದರೆ ಆ ಲಾಂಛನದ ಹಾಳೆಯಲ್ಲೇ ಸುತ್ತಿ ಕಳಿಸುತ್ತೇನೆ.

ಡಾಕ್ಟರಮ್ಮ ನಿನ್ನ ಹಾಗಲ್ಲ, ಮಾತಾಡುತ್ತಾರೆ. ಬಿರುಕು ದೊಡ್ಡದಾಗಿದೆ, ತೇಪೆ ಹಾಕುವ ಕಾಲ ದಾಟಿತು, ಗೋಲಿ ತೆಗೆದು ಆ ಜಾಗಕ್ಕೆ ಪೃಷ್ಠದಿಂದ ಚರ್ಮದ ಸಮೇತ ಕೊಬ್ಬು ತಂದು ಕೂರಿಸಬೇಕು ಎಂದರು. ಅಪ್ಪ, “ಅಂದ್ರೆ ಇನ್ಮೇಲೆ ನಾನು ಕೂತ್ಕೊಂಡ್ರೆ ಕಣ್ಣಿಗೆ ನೋವಾಗುತ್ತಾ?” ಎಂದು ಕೇಳಿದರು. ಡಾಕ್ಟರಮ್ಮ ಮುಖಗವಸಿನ ಹಿಂದೆ ನಕ್ಕರು, ಆಮೇಲೆ ನಗಲಿಲ್ಲ. ಸೋಂಕು ಹಿಂದಕ್ಕೆ ಸರಿದರೆ ಮಿದುಳು ಬಹಳ ದೂರವಿಲ್ಲ ಎಂದರು. ಸದ್ಯ ಮಾತ್ರೆ, ಹನಿ ಔಷಧಿ ನಡೆಯುತ್ತಿದೆ. ಕಣ್ಣು ಹಾಕಿಕೊಳ್ಳಬಾರದೆಂದು ಹೇಳಿದ್ದಾರೆ. ಖಾಲಿ ಮುಖದಲ್ಲಿ ಬಾಗಿಲು ತೆಗೆಯಲು ಸಂಕೋಚವೆಂದು ಅಪ್ಪ ಕದ್ದು ಹಾಕಿಕೊಳ್ಳುತ್ತಾರೆ, ಅದು ನಿಲ್ಲದೆ ಚಹಾಕ್ಕೆ ಬೀಳುತ್ತದೆ. ಬರುವ ಇಪ್ಪತ್ತೇಳು, ಗುರುವಾರ, ಆಪರೇಷನ್ನಿಗೆ ದಿನ ಗೊತ್ತಾಗಿದೆ. ಒಪ್ಪಿಗೆ ಪತ್ರಕ್ಕೆ ಅಪ್ಪ ಸಹಿ ಹಾಕುತ್ತಿಲ್ಲ.

ಯಾಕೆಂದು ನೀನು ಊಹಿಸಬಲ್ಲೆ. ಅಂಗಡಿಯಲ್ಲಿ ನಮ್ಮಿಬ್ಬರನ್ನೂ ಮರದ ಹೊಟ್ಟಿನ ಮೇಲೆ ಕೂರಿಸಿಕೊಂಡು ಕಲಿಸಿದ್ದಲ್ಲವೇ? ಇನ್ನೊಬ್ಬ ಬಡಗಿ ಕೂಡಿಸಿದ ಕೀಲನ್ನು ಅವನನ್ನು ಕೇಳದೆ ಬಿಚ್ಚುವುದಿಲ್ಲ. ಮುರುಕು ಕುರ್ಚಿ ಬಂದರೂ ಅಪ್ಪ ಮೊದಲು “ಇದನ್ನ ಮಾಡಿದ್ಯಾರು?” ಎಂದು ಕೇಳುತ್ತಿದ್ದರು. ಮಾಡಿದವನಿಗೆ ಹೇಳಿ ಕಳಿಸಿ, ಅವನು ಹೂಂ ಅಂದ ಮೇಲೆಯೇ ಉಳಿ ಎತ್ತುತ್ತಿದ್ದರು. ಈಗ ತಮ್ಮ ಮುಖಕ್ಕೂ ಅದೇ ಕಾನೂನು. “ನನ್ನ ಮಗ ಕೂಡಿಸಿದ್ದು, ಅವನು ಹೂಂ ಅನ್ನಲಿ” ಎಂದು ಡಾಕ್ಟರಮ್ಮನ ಪೆನ್ನನ್ನು ವಾಪಸು ಕೊಟ್ಟರು. ನಾನು ಕೂಗಾಡಿದೆ. ಅಪ್ಪ ಕೇಳಿಸದವರ ಹಾಗೆ ಗೋಡೆ ನೋಡಿದರು. ನಿನ್ನನ್ನು ಸಮರ್ಥಿಸುವಾಗ ಮಾತ್ರ ಅವರಿಗೆ ಕಿವಿಯೂ ಹೋಗುತ್ತದೆ.

ಇಲ್ಲಿಗೆ ಮುಗಿಸುತ್ತೇನೆ, ಇನ್ನೂ ಬರೆದರೆ ಬೈಗುಳದ ಅಕ್ಷರ ಸುಂದರವಾಗಿ ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಬೆನ್ನು ನೋಡಿಕೋ, ನೂರು ವರ್ಷ ಬದುಕು. ಅಷ್ಟೂ ವರ್ಷ ನನಗೆ ಬೈಯಲು ಯಾರಾದರೂ ಬೇಕು.

ಸಂಬಂಧಪಟ್ಟ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಅಕ್ಟೋಬರ್ ಒಂಬತ್ತರಂದು ಆ ಗುಂಡಿಯನ್ನು ನಾನೂ ನೋಡಿದ್ದೆ. ಪ್ಲಾಸ್ಟರಿನಲ್ಲಿ ಗಾಳಿಗುಳ್ಳೆ ಎಂದುಕೊಂಡು, ಅಚ್ಚಿಗೆ ಸುರಿದ ಮೇಣದ ಮೇಲೆ ಎದ್ದಿದ್ದ ಆ ಮೊಡವೆಯನ್ನು ಚಾಕುವಿನಿಂದ ಹೆರೆದು ನುಣುಪು ಮಾಡಿದೆ. ಇಪ್ಪತ್ತು ವರ್ಷ ಗುಳ್ಳೆ ಹೆರೆದ ಕೈ, ತಡೆಯಲಿಲ್ಲ. ಬೇರೆ ಯಾರೇ ಆಗಿದ್ದರೂ ಇನ್ನೊಮ್ಮೆ ಅಚ್ಚು ತೆಗೆಯುತ್ತಿದ್ದೆ. ಅಪ್ಪನಿಗೆ ಇನ್ನೊಮ್ಮೆ ಹಿಂಸೆ ಬೇಡ ಅನ್ನಿಸಿತು, ನೀನು ಬೇರೆ ಮಾಗಿದೆ ಅಂದಿದ್ದೆ, ಜೀವಮಾನದಲ್ಲಿ ಮೊದಲ ಸಲ ನಿನ್ನ ಮಾತು ನಂಬಿದೆ. ಅವತ್ತೇ ನಿನಗೆ ತೋರಿಸಿದ್ದರೆ ಉಗುರಗಲದ ತೇಪೆಯಲ್ಲಿ ಮುಗಿಯುತ್ತಿತ್ತು. ಸ್ವಂತದವರ ವಿಷಯದಲ್ಲಿ ನನ್ನ ಕೈಯೂ ನನ್ನ ಮಾತು ಕೇಳಲಿಲ್ಲ. ಇದರಿಂದ ನಿನ್ನ ಪಾಲು ಒಂದು ಚೂರೂ ಕಡಿಮೆಯಾಗಿಲ್ಲ, ನನ್ನದು ಪಕ್ಕದಲ್ಲಿ ಬೇರೆ ಇದೆ. ಅಪ್ಪನಿಗೆ ಇನ್ನೂ ಹೇಳಿಲ್ಲ, ಈ ಕಾಗದ ಅಂಚೆಗೆ ಹಾಕಿ ಬಂದು ಹೇಳುತ್ತೇನೆ.

ನಿನ್ನಿಂದ ಒಂದು ಸಣ್ಣ ಕೆಲಸ ಆಗಬೇಕು. ಕೇಸ್ ಶೀಟಿನಲ್ಲಿ ಗೋಲಿಯ ಅಳತೆಯ ಜಾಗದಲ್ಲಿ “ಸೂಕ್ತ ಗಾತ್ರ” ಎಂದಷ್ಟೇ ಗೀಚಿದ್ದೀಯ. ಡಾಕ್ಟರಮ್ಮನಿಗೆ ಅಂಕಿ ಬೇಕು, ಇಪ್ಪತ್ತು ಮಿಲಿಮೀಟರೋ ಇಪ್ಪತ್ತೆರಡೋ. ಒಂದು ಕಾರ್ಡಿನಲ್ಲಿ ಅಂಕಿ ಬರೆದು, ಅದರ ಕೆಳಗೆ “ಬಿಚ್ಚಬಹುದು” ಎಂದು ಬರೆದು, ಸಹಿ ಹಾಕಿ, ಇಪ್ಪತ್ತಾರು, ಬುಧವಾರದೊಳಗೆ ತಲುಪುವ ಹಾಗೆ ಕೊರಿಯರಿಗೆ ಕೊಡು. ಟೈಪು ಮಾಡಿಸಬೇಡ, ಅಪ್ಪ ನಂಬುವುದಿಲ್ಲ. ಕೈಯಲ್ಲೇ ಬರೆ, ದಪ್ಪ ಅಕ್ಷರದಲ್ಲಿ, ಡಾಕ್ಟರ್ ಬರಹ ಬೇಡ. ಒಂದೇ ಕಣ್ಣಲ್ಲಿ ಓದಬೇಕು ಅವರು.