ಎಡಕ್ಕೆ ಹಿಡಿದ ಸಾಣೆ

ಬಾಗೂರು
೬–೧–೧೯೪೭

ಹೊಳೆನರಸೀಪುರದ ನಮ್ಮ ಯಜಮಾನರಿಗೆ,

ಗಂಡನಿಗೆ ಬರೆಯುವಾಗ ಪಾದಗಳಿಗೆ ನಮಸ್ಕಾರ ಎಂದು ಶುರುಮಾಡುವುದು ವಾಡಿಕೆ. ಈ ಸಲ ನಿಮ್ಮ ಕೈಗಳಿಗೆ ನಮಸ್ಕಾರ. ಎರಡಕ್ಕೂ. ನಾನು, ಅಂಬುಜ ಇಬ್ಬರೂ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರೋ ತಿಳಿಯದು. ನಿಮ್ಮ ಕಾಗದದಲ್ಲಿ ಅದೊಂದು ಬಿಟ್ಟು ಬೇರೆಲ್ಲ ಇತ್ತು.

ಮಸಿ ಅಲ್ಲಲ್ಲಿ ಒರೆಸಿಕೊಂಡಿದೆ. ಕಣ್ಣೀರು ಎಂದುಕೊಂಡು ಅತ್ತೆಯವರು ಸಂತೋಷಪಡುವುದು ಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಬರೆದ ಅಕ್ಷರದ ಮೇಲೆಯೇ ಅಂಗೈಯ ಅಂಚು ಹಾಯುತ್ತದೆ. ನಿಮ್ಮ ಮನೆಗೆ ಬಂದ ಮೇಲೆ ಹೀಗೆ ಬರೆಯುತ್ತಿರುವುದು ಇದೇ ಮೊದಲು. ಕೈಗೆ ಮರೆತೇ ಹೋಗಿರುತ್ತದೆ ಎಂದುಕೊಂಡಿದ್ದೆ. ಮರೆತಿಲ್ಲ.

ನಿಮ್ಮ ಮಾತಿಗೆ ಬರುತ್ತೇನೆ. ಸಂಕ್ರಾಂತಿಯೊಳಗೆ ಮಗುವನ್ನು ಕರೆದುಕೊಂಡು ಬರಬೇಕು, ಬಂದ ಮೇಲೆ ಅವಳ ಕೈ ತಿದ್ದುವ ವಿಚಾರದಲ್ಲಿ ನಾನು ಬಾಯಿ ಹಾಕಬಾರದು, ಬಾರದಿದ್ದರೆ ಅತ್ತೆಯವರು ಅರಕಲಗೂಡಿನಲ್ಲಿ ಒಂದು ಹುಡುಗಿಯನ್ನು ನೋಡಿಟ್ಟಿದ್ದಾರೆ. ಇಷ್ಟೇ ತಾನೆ? ನಾನು ಬರುವುದಿಲ್ಲ. ಅರಕಲಗೂಡಿನವಳನ್ನು ತಂದುಕೊಂಡರೆ ತಂದುಕೊಳ್ಳಿ. ಅವಳಿಗೆ ಹುಟ್ಟುವ ಮಗು ಯಾವ ಕೈಯನ್ನು ಮೊದಲು ಚಾಚುತ್ತದೆ ಎಂಬುದನ್ನೂ ಅತ್ತೆಯವರು ಈಗಲೇ ನೋಡಿಟ್ಟಿದ್ದಾರೆಯೆ, ಕೇಳಿ.

ನಡೆದದ್ದನ್ನು ನೀವು ‘ಆ ಸಣ್ಣ ವಿಷಯ’ ಎಂದು ಬರೆದಿದ್ದೀರಿ. ಎಷ್ಟು ಸಣ್ಣದು ಎಂದು ನಾನು ನೆನಪು ಮಾಡಿಕೊಡುತ್ತೇನೆ. ದೀಪಾವಳಿ ಕಳೆದ ಮೇಲೆ ಅನಂತಮತಿಯಮ್ಮನವರು ಮಗಳ ಮದುವೆಗೆ ಒಡವೆ ಮಾಡಿಸಲು ನಮ್ಮ ಮನೆಗೆ ಬಂದರು. ಅಂಬುಜ ಓಡಿಬಂದು ಎಲೆಯಡಿಕೆಯ ತಟ್ಟೆಯನ್ನು ಎಡಗೈಯಲ್ಲಿ ನೀಡಿದಳು. ಐದು ವರ್ಷದ ಮಗು. ಆ ತಾಯಿ ನಕ್ಕು ತೆಗೆದುಕೊಂಡರು. “ಮಗು ಕಣ್ರಮ್ಮ, ಪ್ರೀತಿಯಿಂದ ಕೊಡ್ತು, ಬಿಡಿ” ಎಂದರು. ಒಡವೆಯನ್ನೂ ನಿಮ್ಮ ಕೈಯಲ್ಲೇ ಮಾಡಿಸಿದರು. ಅವತ್ತು ಅವರು ಹೊಸ್ತಿಲು ದಾಟಿದ್ದೇ ತಡ, ಅತ್ತೆಯವರದು ಶುರುವಾಯಿತು. “ಅಕ್ಕಸಾಲಿ ಮನೇಲಿ ಎಡಗೈ ನೀಡೋ ಮುಂಡೇದು ಹುಟ್ಟೈತಲ್ಲ, ಇನ್ನು ಯಾವೋಳು ನಮ್ತಾವ ತಾಳಿ ಮಾಡಿಸ್ಕೊಂಡೋಯ್ತಾಳೆ?” ಎಂದು ಹಳೇ ಸೀರೆಯ ಅಂಚು ಹರಿದು, ಹುರಿ ಹೊಸೆದು, ಮಗುವಿನ ಎಡಗೈಯನ್ನು ಸೊಂಟಕ್ಕೆ ಬಿಗಿದರು. ಉಣ್ಣುವಾಗಲೂ ಹುರಿ, ಆಡುವಾಗಲೂ ಹುರಿ. ಒಂದು ಬೆಳಿಗ್ಗೆ ಅಂಗಳದಲ್ಲಿ ಎಡವಿದಳು. ಊರಿಕೊಳ್ಳಲು ಕೈಯಿರಲಿಲ್ಲ, ಗದ್ದ ಕಲ್ಲಿಗೆ ಬಡಿಯಿತು. ನೀವು ಎದ್ದು ಬಂದಿರಿ. ರಕ್ತ ನೋಡಿದಿರಿ, ಹುರಿ ನೋಡಿದಿರಿ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಹುರಿ ಬಿಚ್ಚಿದವಳು ನಾನು. ಮಧ್ಯಾಹ್ನದ ಬಸ್ಸು ಹತ್ತಿದವಳೂ ನಾನೇ.

ತವರಿಗೆ ಭಾರವಾಗಿ ಕೂತಿದ್ದೇನೆ ಎಂದೂ ಬರೆದಿದ್ದೀರಿ. ಕೂತಿರುವುದು ನಿಜ, ಆದರೆ ಅಪ್ಪಯ್ಯನ ಕುಲುಮೆಯಲ್ಲಿ, ಸಾಣೆಯ ಮುಂದೆ. ಈ ವರ್ಷದ ರಾಗಿ ಕೊಯ್ಲಿಗೆ ಬಾಗೂರಿನ ಸುತ್ತ ಆಡಿದ ಕುಡುಗೋಲುಗಳಲ್ಲಿ ಅರ್ಧಕ್ಕೆ ಸಾಣೆ ಹಿಡಿದವಳು ನಿಮ್ಮ ಹೆಂಡತಿ.

ಅದು ಹೇಗೆ ಶುರುವಾಯಿತೆಂದು ಹೇಳುತ್ತೇನೆ, ಕೇಳಿ. ನಮ್ಮ ಕಾಳಣ್ಣ ಬರ್ಮಾ ಗಡಿಯ ಮಿಲಿಟರಿ ವರ್ಕ್‌ಷಾಪಿನಿಂದ ವಾಪಸು ಬಂದಾಗ ತಂದದ್ದು ಎರಡೇ. ಒಂದು ಮಲೇರಿಯಾ, ಇನ್ನೊಂದು, ಜಪಾನಿನವರು ಬಿಟ್ಟು ಓಡಿದ ಅಡುಗೆ ಡೇರೆಯಲ್ಲಿ ಸಿಕ್ಕ ಒಂದು ಚಾಕು. ನಾವು ಈಳಿಗೆಮಣೆಯ ಮೇಲೆ ಕಾಲಿಟ್ಟು ಕೂತು ತರಕಾರಿಯನ್ನು ಅಲಗಿನ ಹತ್ತಿರ ಒಯ್ಯುತ್ತೇವೆ. ಅವರು ತರಕಾರಿಯನ್ನು ಹಲಗೆಯ ಮೇಲಿಟ್ಟು ಅಲಗನ್ನು ಅದರ ಹತ್ತಿರ ಒಯ್ಯುತ್ತಾರಂತೆ. ಅತ್ತಿಗೆ ಅದರಲ್ಲಿ ಸೌತೆಕಾಯಿ ಹೆಚ್ಚಿದರೆ ಬಿಲ್ಲೆಗಳು ವೀಳ್ಯದೆಲೆಯ ಹಾಗೆ ತೆಳ್ಳಗೆ ಬಿದ್ದವು. ನಾನು ಎಡಗೈಯಲ್ಲಿ ಹಿಡಿದೆ, ಬಿಲ್ಲೆ ಮೇಲೆ ದಪ್ಪ, ಕೆಳಗೆ ಏನೂ ಇಲ್ಲ. ಅಲಗು ಜಾರಿ ಆಚೆಗೇ ಓಡುತ್ತದೆ. ಎಷ್ಟು ಸಲ ಹೆಚ್ಚಿದರೂ ಅದೇ. ನೋಡಿದೆಯಾ, ಜಪಾನಿನ ಕಬ್ಬಿಣಕ್ಕೂ ನನ್ನ ಕೈ ಕಂಡರಾಗದು ಎಂದುಕೊಂಡು ಚಾಕು ಕುಕ್ಕಿ ಎದ್ದುಬಿಟ್ಟೆ.

ಕಾಳಣ್ಣ ಚಾಕುವನ್ನು ಎತ್ತಿ ಬಿಸಿಲಿಗೆ ಹಿಡಿದ. ಒಂದು ಬದಿ ಪೂರ್ತಿ ಚಪ್ಪಟೆ; ಇನ್ನೊಂದು ಬದಿ ಮಾತ್ರ ಅಂಚಿನ ಕಡೆಗೆ ಇಳಿಜಾರು. “ತಪ್ಪು ನಿಂದಲ್ಲ ಕಣವ್ವ, ಇದು ಬಲಗೈನೋರ್ಗೆ ಅಂತ ಮಾಡಿರೋದು” ಎಂದ. “ಆ ಡೇರೇಲಿ ಎರಡು ಚಾಕು ಇದ್ವು. ಒಂದ್ರದ್ದು ಇಳಿಜಾರು ಈ ಕಡೀಕೆ, ಇನ್ನೊಂದ್ರದ್ದು ಆ ಕಡೀಕೆ. ಆ ಇನ್ನೊಂದ್ನ ನಮ್ಮ ಹವಾಲ್ದಾರ ಎತ್ಕೊಂಡೋದ.”

ನಾನು ಅವತ್ತು ಅನ್ನ ಬಸಿಯುವುದನ್ನೂ ಮರೆತು ಅದನ್ನೇ ಯೋಚಿಸಿದೆ. ಜಪಾನಿನವರು ದೊಡ್ಡ ಸಂಪನ್ನರು ಎಂದು ನಾನು ಹೇಳುವುದಿಲ್ಲ; ಅವರು ಏನೇನು ಮಾಡಿದರೆಂದು ಅಣ್ಣ ಹೇಳಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸುತ್ತಾನೆ. ಆದರೆ ಅವರಲ್ಲಿ ಒಬ್ಬ ಎಡಗೈಯ ಅಡುಗೆಯವನಿದ್ದ. ಅವನಿಗಾಗಿ ಯಾರೋ ಕಮ್ಮಾರ ಕೂತು ಇಳಿಜಾರನ್ನು ಇನ್ನೊಂದು ಬದಿಗೆ ಮಾಡಿಕೊಟ್ಟಿದ್ದ. ಅವನ ಕೈಯನ್ನು ತಿರುಗಿಸಲಿಲ್ಲ, ಕಬ್ಬಿಣವನ್ನು ತಿರುಗಿಸಿದ. ನನಗೆ ಸಿಟ್ಟು ಬಂತು, ಖುಷಿಯೂ ಆಯಿತು. ಯಾವುದು ಹೆಚ್ಚೋ ಗೊತ್ತಾಗಲಿಲ್ಲ.

ಇದನ್ನು ಕೊಯ್ಲಿನ ಕೂಲಿಗೆ ಬರುವ ಬೀರಮ್ಮನಿಗೆ ಹೇಳಿದರೆ ಅವಳು ನಕ್ಕಳು. “ಅದುಕ್ಕೆ ಜಪಾನ್‌ಗಂಟ ಯಾಕೋಯ್ತೀಯೆ? ನನ್ನ ಕುಡ್ಲು ನೋಡು, ನಿಮ್ಮಪ್ಪಯ್ಯನೇ ನನ್ನ ಎಡಗೈಗೆ ಸರಿಯಾಗಿ ಹಲ್ಲು ಕಡ್ದು ಕೊಟ್ಟವ್ರೆ!” ತಿರುಗಿಸಿ ನೋಡಿದೆ, ನಿಜ. ಅಪ್ಪಯ್ಯನ ಮುಂದೆ ಹೋಗಿ ನಿಂತೆ. ಕೂಲಿಯವಳ ಎಡಗೈಗೆ ಕುಡುಗೋಲು ಮಾಡಿಕೊಟ್ಟವನು ಮಗಳ ಎಡಗೈಗೆ ಬರೆ ಏಕೆ ಎಳೆದೆ ಎಂದು ಕೇಳಿದೆ. “ಅವಳ್ಗೆ ಹೊಲದ ಕೆಲ್ಸ ಆಗ್ಬೇಕಿತ್ತು ಕಣವ್ವ. ನಿಂಗೆ ಮದುವೆ ಆಗ್ಬೇಕಿತ್ತು” ಎಂದರು. ಅಷ್ಟು ಹೇಳಿ ಕುಲುಮೆಯಿಂದ ಎದ್ದು ಹೋದರು. ಅವತ್ತಿನಿಂದ ನಾನು ಸಾಣೆಯ ಮುಂದೆ ಕೂತರೆ ಅವರು ಬೇಡ ಎಂದಿಲ್ಲ.

ನಮ್ಮಲ್ಲಿ ಹೆಂಗಸರು ತಿದಿ ಒತ್ತಬಹುದು, ಸಾಣೆಯ ಹಗ್ಗ ಎಳೆಯಬಹುದು. ಅಲಗು ಹಿಡಿಯುವವರು ಗಂಡಸರು. ಈಗ ಹಗ್ಗ ಎಳೆಯುವವನು ಕಾಳಣ್ಣ, ಅಲಗು ಹಿಡಿಯುವವಳು ನಾನು. ನೋಡಲು ಬಂದವರು ನೋಡಿಕೊಂಡು ಹೋಗುತ್ತಾರೆ.

ಕಬ್ಬಿಣ ಉಜ್ಜಿ ಉಜ್ಜಿ ಸವೆದ ದೊಡ್ಡ ಅರವೊಂದನ್ನು ಅಣ್ಣ ಕಾಯಿಸಿ ಬಡಿದು ಅಗಲ ಮಾಡಿಕೊಟ್ಟ. ಜಪಾನಿನ ಚಾಕುವನ್ನು ಎದುರಿಗಿಟ್ಟುಕೊಂಡು ಸಾಣೆಗೆ ಕೂತೆ. ಏನು ಮಾಡಿದೆ ಗೊತ್ತೆ? ಇಡೀ ಅಲಗನ್ನು ಉಜ್ಜಿ ಇಳಿಜಾರು ಕೊಟ್ಟ ಮೇಲೆ ನೋಡಿದರೆ ಅದು ಬಲಗೈಯ ಚಾಕು! ಎದುರಿಗಿದ್ದದ್ದರ ತದ್ರೂಪ. ನನಗಾಗಿ ಮಾಡಲು ಕೂತವಳು ಇನ್ನೊಬ್ಬರ ಕೈಗೆ ಮಾಡಿಟ್ಟಿದ್ದೆ. ನಿಮ್ಮ ಮನೆಯಲ್ಲಿ ಅಷ್ಟು ಚೆನ್ನಾಗಿ ಕಲಿಸಿದ್ದರು. ಕಾಳಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗಲಿಲ್ಲ. ಮತ್ತೊಂದು ಅರ ತಾ ಎಂದೆ.

ಎರಡನೆಯದಕ್ಕೆ ಮಾದರಿಯನ್ನು ಎತ್ತಿ ಒಳಗಿಟ್ಟೆ. ಎಡ ಬದಿಗೆ ಇಳಿಜಾರು ಹಿಡಿದೆ. ಬೆಂಕಿಗಿಟ್ಟು ನೀರಿಗದ್ದಿ ಹದ ಕಟ್ಟಿದ ಮೇಲಿನ ಸಾಣೆಯೇ ಕಷ್ಟ. ಸ್ವಲ್ಪ ಒತ್ತಿದರೂ ಅಂಚು ಬಿಸಿಯಾಗಿ ನೀಲಿ ತಿರುಗುತ್ತದೆ, ಹದ ಹೋಯಿತು, ಚಾಕುವೂ ಹೋಯಿತು. ಅಂಬುಜ ಪಕ್ಕದಲ್ಲಿ ಕೂತು ಗರಟೆಯಿಂದ ನೀರು ಬಿಡುತ್ತಾಳೆ, ಎಡಗೈಯಲ್ಲಿ. ಒಂದು ಹನಿ ಆಚೀಚೆ ಬೀಳುವುದಿಲ್ಲ. ಆಮೇಲೆ ಒರಟು ಕಲ್ಲು, ಅದರ ಮೇಲೆ ನಮ್ಮ ಹೇಮಾವತಿಯ ನುಣುಪು ಕಲ್ಲು, ಕೊನೆಗೆ ಕ್ಷೌರದವರ ಕಲ್ಲು. ಇಳಿಜಾರನ್ನು ಉಜ್ಜುತ್ತಾ ಹೋದರೆ ಚಪ್ಪಟೆ ಬದಿಯಲ್ಲಿ ಉಗುರಿಗೆ ಮಾತ್ರ ತಿಳಿಯುವ, ಕಬ್ಬಿಣದ ಎಳೆಯಂಥ ಒಂದು ಗೊರಕು ಏಳುತ್ತದೆ. ಇಳಿಜಾರು ಅಂಚಿಗೆ ಕೂಡಿತು ಎಂಬುದಕ್ಕೆ ಅದೇ ಗುರುತು. ಆಗ ಚಪ್ಪಟೆ ಬದಿಯನ್ನು ಕಲ್ಲಿನ ಮೇಲೆ ಮಲಗಿಸಿ ಹಗುರವಾಗಿ ಸವರಿ ಅದನ್ನು ತೆಗೆಯಬೇಕು. ಮೆರುಗು ಎಂದರೇನೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಚಿನ್ನ ಹೊಳೆದರೆ ಮುಗಿಯಿತು, ಇದು ಹೊಳೆದ ಮೇಲೆ ಕೆಲಸಕ್ಕೆ ಹೊರಡುತ್ತದೆ. ಹುಣಸೆ ಮರದ ಹಿಡಿಗೆ ಅಲಗಿನ ಬಾಲವನ್ನು ಕಾಯಿಸಿ ಇಳಿಸಿ, ಅರಗು ತುಂಬಿದೆ. ಸೌತೆಕಾಯಿ ತಂದು ಹೆಚ್ಚಿದೆ. ಬಿಲ್ಲೆ ಮೇಲೂ ಕೆಳಗೂ ಒಂದೇ ಸಮ. ಹಲಗೆಯ ಮುಂದೆ ನಿಂತು ಗೊಳೋ ಎಂದು ಅತ್ತೆ, ಒಪ್ಪಿಕೊಳ್ಳುತ್ತೇನೆ. ಅಂಬುಜ ಬಿಲ್ಲೆಗಳನ್ನೆಲ್ಲ ತಿಂದು ಮುಗಿಸಿದಳು.

ಇನ್ನು ನನ್ನ ಷರತ್ತು. ಊಟಕ್ಕೆ ಬಲಗೈ ಎಂದು ಮಗುವಿಗೆ ನಾನೇ ಹೇಳಿಕೊಟ್ಟಿದ್ದೇನೆ, ಆಚಾರ ನನಗೂ ಗೊತ್ತಿದೆ. ಅಷ್ಟು ಸಾಕು. ಬಳಪ, ಸೂಜಿ, ಸೌಟು, ರಂಗೋಲಿ ಇವೆಲ್ಲ ಅವಳ ಕೈ ಕೇಳಿದಂತೆ. ಇನ್ನೊಂದು ಹುರಿ ಅವಳ ಮಣಿಕಟ್ಟು ಮುಟ್ಟಕೂಡದು. ಇದನ್ನು ನೀವೇ ಬಂದು, ಅವಳ ಎದುರಿಗೆ ನಿಂತು, ನಿಮ್ಮ ಬಾಯಿಂದ ಹೇಳಬೇಕು. ಮಾವನನ್ನು, ಭಾವನನ್ನು, ಊರ ಹಿರಿಯರನ್ನು ಕಳಿಸಿದರೆ ಮಜ್ಜಿಗೆ ಕೊಟ್ಟು ವಾಪಸು ಕಳಿಸುತ್ತೇನೆ. ನೀವು ಬರದಿದ್ದರೆ ಅವಳು ಬಾಗೂರಿನ ಕುಲುಮೆಯಲ್ಲೇ ಬೆಳೆಯುತ್ತಾಳೆ. ನನಗೆ ನೀವು ಬೇಡವೆಂದಲ್ಲ, ಬೇಕು. ಆದರೆ ಮಗಳ ಕೈ ಕೊಟ್ಟು ನಿಮ್ಮನ್ನು ಪಡೆಯಲಾರೆ.

ಬಳೆ ಮಾರುವ ಗುಂಡಯ್ಯ ನಿಮ್ಮೂರಿಗೆ ಹೊರಟಿದ್ದಾನೆ. ಅವನ ಜೊತೆ ಒಂದು ಗಂಟು ಕಳಿಸಿದ್ದೇನೆ. ಅಲಗನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ, ಅದಕ್ಕೆ ನೆಲದ ಮೇಲಿಡು ಎಂದಿದ್ದೇನೆ. ನಮ್ಮ ನಡುವೆ ಜಗಳ ಇನ್ನು ಹೊಸದಾಗಿ ಆಗಬೇಕಾಗಿಲ್ಲ. ಕೆಂಪು ಬಟ್ಟೆ ಸುತ್ತಿದ ಚಾಕು ಅತ್ತೆಯವರಿಗೆ, ನಾನು ಮೊದಲು ತಪ್ಪಿ ಮಾಡಿದ ಬಲಗೈಯದು. ಅವರ ಕೈಗೆ ಚೆನ್ನಾಗಿ ಹೊಂದುತ್ತದೆ.

ಇಂತಿ,
ಎಡಗೈಯವಳಾದ ನಿಮ್ಮ ಹೆಂಡತಿ
ಪುಟ್ಟಲಕ್ಷ್ಮಮ್ಮ

ತಾ.ಕ.: ಗಂಟಿನಲ್ಲಿ ಬಿಳಿ ಬಟ್ಟೆ ಸುತ್ತಿದ ಇನ್ನೊಂದು ಚಾಕು ಇದೆ. ಇಳಿಜಾರು ಎಡಕ್ಕೆ. ಅದು ನನ್ನದಲ್ಲ, ನನ್ನದು ನನ್ನ ಹತ್ತಿರವೇ ಇದೆ. ಅದು ನಿಮಗೆ. ಮದುವೆಯಾದ ಹೊಸದರಲ್ಲಿ ಒಂದು ದಿನ ಮಜ್ಜಿಗೆ ತಂದಾಗ, ನೀವು ಸದಾ ಬಾಗಿಲು ಹಾಕಿಕೊಂಡು ಕೆಲಸ ಮಾಡುವ ಒಳಕೋಣೆಯ ಅಗುಳಿ ಸರಿಯಾಗಿ ಬಿದ್ದಿರಲಿಲ್ಲ. ನೀವು ಓಲೆಗೆ ಹರಳು ಕೂರಿಸುತ್ತಿದ್ದಿರಿ, ಎಡಗೈಯಲ್ಲಿ. ಅಷ್ಟು ಚೆಂದದ ಕೆಲಸವನ್ನು ನಾನು ಬೇರೆಲ್ಲೂ ನೋಡಿಲ್ಲ. ಲೋಟವನ್ನು ಹೊಸ್ತಿಲಲ್ಲಿಟ್ಟು ಸದ್ದಿಲ್ಲದೆ ಹೋದೆ, ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಿಮ್ಮ ಎಡ ಮಣಿಕಟ್ಟಿನ ಗುರುತು ಅಗ್ಗಿಷ್ಟಿಕೆಯ ಸುಟ್ಟ ಗಾಯ ಎಂದು ನೀವು ಹೇಳಿದ್ದನ್ನು ನಂಬಿದ್ದೆ. ಅಂಬುಜಳ ಹುರಿ ಬಿಚ್ಚಿದಾಗ ಅವಳ ಮಣಿಕಟ್ಟಿನಲ್ಲೂ ಅಂಥದ್ದೇ ಗುರುತು ಕಂಡಿತು. ಹಿಡಿಯ ಅಳತೆಗೆ ನಿಮ್ಮ ಕೈ ಇಲ್ಲಿರಲಿಲ್ಲ, ನೆನಪಿನಿಂದ ಕೆತ್ತಿದ್ದೇನೆ. ಅತ್ತೆಯವರನ್ನು ಎದುರಿಗೆ ಕೂರಿಸಿಕೊಂಡು, ಬಾಗಿಲು ತೆರೆದಿಟ್ಟು, ಒಂದು ಸೌತೆಕಾಯಿ ಹೆಚ್ಚಿ. ಆಮೇಲೆ ನಮ್ಮನ್ನು ಕರೆದುಕೊಂಡು ಹೋಗಲು ಬನ್ನಿ.