ಐದು ಮೆಟ್ಟಿಲಿನ ಬೆಳಕು

೨೯ ಏಪ್ರಿಲ್ ೨೦೦೫

ಮತ್ತೆ ಬ್ಯಾಟರಿ ಚಾರ್ಜಿಗೆ ಹಾಕಿದೆ. ರೋಲಿನ ಖರ್ಚು ಉಳಿಯುತ್ತದೆಂದು ತಂದ ಡಿಜಿಟಲ್ ಕ್ಯಾಮೆರಾ. ಈಗ ಇದರ ಉಪಚಾರವೇ ಒಂದು ಕೆಲಸ.

ತಂಗಿ ರೇಣುವಿನ ಮದುವೆ ಹತ್ತಿರ ಬಂತು. ಮದುವೆಯಾದ ಮೇಲೆ ಜೇಜುರಿಗೆ, ಮನೆದೇವರ ಗುಡಿಗೆ. ಅಲ್ಲಿ ವರ ವಧುವನ್ನು ಎತ್ತಿಕೊಂಡು ಐದು ಮೆಟ್ಟಿಲು ಹತ್ತಬೇಕು. ಅದೊಂದು ಫೋಟೋ ನಾನೇ ತೆಗೆಯುತ್ತೇನೆ ಎಂದೆ.

"ಬ್ಯಾಡ ಅಣ್ಣಾ. ನನ್ನ ಫೋಟೋ ಎಲ್ಲಿ ಛಂದ ಬರ್ತದ?"

ಅವಳ ತಪ್ಪಲ್ಲ. ಹಿಂದೊಮ್ಮೆ ಬೇರೊಬ್ಬ ವರನ ಕಡೆಯವರಿಗೆ ಕೊಡಲೆಂದು ತೆಗೆಸಿದ ಫೋಟೋದಲ್ಲಿ ಸ್ಟುಡಿಯೋದವನು ನಮ್ಮ ಕಪ್ಪು ಹುಡುಗಿಗೆ ಸುಣ್ಣ ಬಳಿದಿದ್ದ. ಬಂದವರು ಫೋಟೋ ನೋಡಿ, ಅವಳನ್ನು ನೋಡಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅಂದಿನಿಂದ ಕ್ಯಾಮೆರಾ ಕಂಡರೆ ಮುಖಕ್ಕೆ ಕೈ ಅಡ್ಡ. ಬಾರಾಮತಿಯ ಡೇರಿಯಲ್ಲಿರುವ ಈ ಪ್ರಲ್ಹಾದ ಫೋಟೋ ಕೇಳದೆಯೇ ಒಪ್ಪಿದ ಪುಣ್ಯಾತ್ಮ. ಆದರೂ ನನಗೊಂದು ಬೇಕು. ಅವಳು ಇರುವ ಹಾಗೆ.

೮ ಮೇ, ಭಾನುವಾರ

ಸೊಸೈಟಿಯ ಟೆರೇಸಿನಲ್ಲಿ ತಾಲೀಮು. ಜೇಜುರಿಯಲ್ಲಿ ಎಲ್ಲೆಲ್ಲೂ ಭಂಡಾರದ ಅರಿಷಿಣ ತೂರುತ್ತಾರಲ್ಲ — ತಾಟಿನ ತುಂಬ ಅರಿಷಿಣ ಹರಡಿ, ನಡುವೆ ರೇಣುವಿನ ಬದಲು ತೆಂಗಿನಕಾಯಿ ಇಟ್ಟೆ. ಹೆಂಡತಿ ಮಾಧುರಿ ನೋಡಿಬಿಟ್ಟಳು. "ಡಬ್ಬಿ ಖಾಲಿ ಮಾಡಿದ್ರೆಲ್ರಿ! ಅಡಗಿಗೆ ಏನ್ ಹಾಕ್ಲಿ?"

ಕ್ಯಾಮೆರಾ ಇಡೀ ತಾಟಿನ ಬೆಳಕು ಅಳೆದರೆ ಹಳದಿಯ ಹೊಳಪಿಗೆ ಹೆದರಿ ಕಾಯಿಯನ್ನು ಇದ್ದಿಲು ಮಾಡುತ್ತದೆ. ಕಾಯಿಯೊಂದನ್ನೇ ಅಳೆದರೆ ಕಾಯಿ ಬೆಳ್ಳಗೆ, ಅರಿಷಿಣ ಸುಟ್ಟು ಬಿಳಿ. ಅದೇ ಸ್ಟುಡಿಯೋದವನ ಸುಣ್ಣ! ರೋಲ್ ಇದ್ದಾಗ ಹೆಚ್ಚುಕಮ್ಮಿ ಆದರೆ ಲ್ಯಾಬಿನವನು ಸಂಭಾಳಿಸುತ್ತಿದ್ದ. ಇದರಲ್ಲಿ ಹೋದರೆ ಹೋಯಿತು. ಇದರ ಬುದ್ಧಿಗೆ ಲೋಕವೆಲ್ಲ ನಡು ಬೂದು ಬಣ್ಣ; ಹೊಳೆಯುವುದನ್ನೂ ಕಪ್ಪಾದುದನ್ನೂ ಎಳೆದು ಅಲ್ಲಿಗೇ ತರುತ್ತದೆ.

ಸರಿ, ಬೂದು ಬಣ್ಣದ್ದನ್ನೇ ಅದೇ ಬಿಸಿಲಲ್ಲಿ ಅಳೆದು, ಆ ಲೆಕ್ಕವನ್ನೇ ಕದಲದಂತೆ ಇಟ್ಟುಕೊಳ್ಳುವುದು. ಜೇಜುರಿಯ ಮೆಟ್ಟಿಲ ಬೂದು ಕಲ್ಲು ಇದೆಯಲ್ಲ. ಸಾಕು.

ಅಪ್ಪ ಬೇರೆ — ಈ ಬಿಸಿಲಿಗೆ ಉಣ್ಣೆ ಕೋಟು ಹಾಕಿಕೊಂಡೇ ಬರುತ್ತಾರಂತೆ. "ಬೀಗರ ಮುಂದ ಬರೇ ಅಂಗಿ ಮ್ಯಾಲ ನಿಂದರ್ಲೇನು?"

೧೫ ಮೇ, ಸಂಜೆ

ಮದುವೆಯೂ ಆಯಿತು, ಜೇಜುರಿಯೂ ಮುಗಿಯಿತು.

ಹೋಗಿ ನೋಡಿದರೆ ಕಲ್ಲೇ ಇಲ್ಲ! ಜನ ತೂರಿ ತೂರಿ ಮೆಟ್ಟಿಲೆಲ್ಲ ಹಳದಿ. ಎಷ್ಟು ಸಲ ಹೋಗಿದ್ದೇನೆ, ಇಷ್ಟೂ ಹೊಳೆಯಲಿಲ್ಲ. ದಡ್ಡ. ಕ್ಯಾಮೆರಾದ ಪರದೆ ನೋಡಿದರೆ ಬಿಸಿಲಿಗೆ ನನ್ನ ಮುಖವೇ ಕಾಣುತ್ತದೆ. ಪ್ರಲ್ಹಾದ ಆಗಲೇ ರೇಣುವನ್ನು ಎತ್ತಿದ್ದ. ಆಗ ಕಣ್ಣಿಗೆ ಬಿತ್ತು — ಅಪ್ಪನ ಕೋಟು. ಬೂದು!

"ಅಪ್ಪಾ, ಇಲ್ಲಿ ಬರ್ರಿ! ಬಿಸಿಲಾಗ ನಿಂದರ್ರಿ!"

"ನಂದ್ಯಾಕೋ? ಅಕೀದು ತಗಿ!"

"ನಿಂದರ್ರಿ ಅಂದ್ರ ನಿಂದರ್ರಿ!"

ಜನ್ಮದಲ್ಲಿ ಮೊದಲ ಸಲ ಅಪ್ಪನ ಮೇಲೆ ಕೂಗಿದೆ. ಕೋಟಿನ ಮೇಲಿನ ಬೆಳಕು ಅಳೆದೆ, ಲೆಕ್ಕ ಕದಲದಂತೆ ಇಟ್ಟೆ. ಅಪ್ಪನನ್ನು ಪಕ್ಕಕ್ಕೆ ಸರಿಸಿದೆ. ಅಷ್ಟರಲ್ಲಿ ಮೂರನೆಯ ಮೆಟ್ಟಿಲು. "ಯಳಕೋಟ!" — ಜನರ ಜಯಕಾರ, ಭಂಡಾರ ಹಾರಿತು. ನಾಲ್ಕು ಸಲ ಒತ್ತಿದೆನೋ, ಐದೋ. ಕಂಪ್ಯೂಟರಿಗೆ ಹಾಕಿ ನೋಡಲು ಧೈರ್ಯವಿಲ್ಲ. ನಾಳೆ.

೧೬ ಮೇ, ಬೆಳಿಗ್ಗೆ

ಬಂದಿದೆ!! ಒಂದೇ ಒಂದು. ಆದರೆ ಬಂದಿದೆ.

ಅರಿಷಿಣ ಅರಿಷಿಣವಾಗಿಯೇ ಇದೆ. ರೇಣು ರೇಣುವಿನ ಬಣ್ಣದಲ್ಲೇ ಇದ್ದಾಳೆ. ಪ್ರಲ್ಹಾದನ ಕೊರಳು ಹಿಡಿದುಕೊಂಡು ಬಾಯ್ತುಂಬ ನಗು. ಮುಖಕ್ಕೆ ಕೈ ಅಡ್ಡ ಇಲ್ಲ. ಅಂಚಿನಲ್ಲಿ ಒಂದು ಕೋಟಿನ ತೋಳು. ಇರಲಿ.

ಮಾಧುರಿ ಹಿಂದೆ ನಿಂತು ನೋಡಿದಳು. "ಅರಿಷಿಣ ದಂಡ ಆಗ್ಲಿಲ್ಲ ಬಿಡ್ರಿ." ಅಬ್ಬಾ. ಇನ್ನು ರೇಣು ಏನನ್ನುತ್ತಾಳೋ.

೨೨ ಮೇ, ಭಾನುವಾರ, ಸಂಜೆ

ರೇಣು, ಪ್ರಲ್ಹಾದ ಬಂದಿದ್ದಾರೆ. ಪ್ರಿಂಟ್ ಕೊಟ್ಟೆ. ನೋಡಿದಳು. ಕಿಟಕಿಯ ಹತ್ತಿರ ಒಯ್ದು ಇನ್ನೊಮ್ಮೆ ನೋಡಿದಳು.

"ಇದು ನಾನ ಅದೀನಿ, ಅಣ್ಣಾ."

ಅಷ್ಟೇ ಅಂದಳು. ಒಳಗೆ ಬಂದು ಬರೆಯುವ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೇನೆ. ಹೊರಗಿನ ಗ್ಯಾಲರಿಯಿಂದ ಅವಳದೇ ಕೂಗು —

"ಅಣ್ಣಾ, ಕ್ಯಾಮೆರಾ ತಗೊಂಡ್ ಬಾ! ಬೆಳಕ ಹೋಗಾಕತ್ತದ, ಇನ್ನೊಂದ ತಗಿ! ಅಪ್ಪಗ ಕೋಟ್ ಹಾಕ್ಸೇನಿ!"

ಬ್ಯಾಟರಿ ಎಲ್ಲಿಟ್ಟೆ... ಚಾರ್ಜ್ ಆಗಿದೆಯೋ—